ಮ್ಯಾಕ್‌ಬುಕ್‌ನಲ್ಲಿ ಕನ್ನಡ ಬರೆಯೋದು ಕಲಿಸುವಾಗ ಮೇಜಿನ ಮೇಲಿನ ಹಾಳೆ ತೋರಿಸೋದು ಹೇಗೆ? ಬೇರೆ ಕ್ಯಾಮೆರಾ ಕೊಳ್ಳಬೇಕಾ?

ಹೊರದೇಶದಲ್ಲಿರುವ ಅಕ್ಕನ ಮಕ್ಕಳಿಗೆ ವಿಡಿಯೋ ಕಾಲ್‌ನಲ್ಲಿ ಅಕ್ಷರ ಬರೆಯೋದು ಕಲಿಸಬೇಕು, ನಿಮ್ಮ ಹತ್ತಿರ ಮ್ಯಾಕ್‌ಬುಕ್ ಮತ್ತು ಐಫೋನ್ ಇವೆ ಅಂತ ಬರೆದಿದ್ದೀರಿ. ಹಾಗಿದ್ದರೆ ಏನೂ ಕೊಳ್ಳಬೇಡಿ. ನಾನು ಎರಡು ವರ್ಷದಿಂದ ಪ್ರತಿ ಭಾನುವಾರ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ತಮ್ಮನ ಇಬ್ಬರು ಮಕ್ಕಳು, ಅವರ ಜೊತೆ ಪಕ್ಕದ ಬೀದಿಯ ಇನ್ನೂ ಮೂವರು.

ನೀವು ಕೇಳಿದ್ದು ಸರಿಯಾದ ವಿಷಯ ಅಂತ ಮೊದಲು ಹೇಳಬೇಕು. ಶುರುವಿನ ಕೆಲವು ತಿಂಗಳು ನಾನು ಸ್ಲೇಟಿನಲ್ಲಿ ಬರೆದು ಕ್ಯಾಮೆರಾಗೆ ಎತ್ತಿ ಹಿಡಿಯುತ್ತಿದ್ದೆ. ಮಕ್ಕಳಿಗೆ ಬರೆದು ಮುಗಿದ ಅಕ್ಷರ ಮಾತ್ರ ಕಾಣುತ್ತಿತ್ತು. ಅದು ಹೇಗೆ ಹುಟ್ಟಿತು ಅನ್ನೋದು ಕಾಣುತ್ತಿರಲಿಲ್ಲ. ಹಾಗಾಗಿ ಅವರು ಅಕ್ಷರವನ್ನು ಬರೆಯುತ್ತಿರಲಿಲ್ಲ, ಚಿತ್ರದ ಹಾಗೆ ಬಿಡಿಸುತ್ತಿದ್ದರು. ಒಬ್ಬಳು 'ಧ' ಬರೆಯುವಾಗ ಮೊದಲು ಕೆಳಗಿನ ಸಣ್ಣ ಗೆರೆ ಎಳೆದು, ಆಮೇಲೆ ಅದರ ಮೇಲೆ 'ದ' ಕೂರಿಸುತ್ತಿದ್ದಳು. ನೋಡಿದವರಿಗೆ ಅಕ್ಷರ ಸರಿಯಾಗೇ ಇತ್ತು. ಆದರೆ ಹಾಗೆ ಬರೆದರೆ ವೇಗ ಬರೋದಿಲ್ಲ, ಒತ್ತಕ್ಷರದ ಹೊತ್ತಿಗೆ ಮಗು ಸುಸ್ತಾಗುತ್ತದೆ. ಮಕ್ಕಳು ನೋಡಬೇಕಾದ್ದು ನಮ್ಮ ಮುಖವಲ್ಲ, ನಮ್ಮ ಕೈ.

ಇದಕ್ಕೆ ಆಪಲ್‌ನವರು ಡೆಸ್ಕ್ ವ್ಯೂ ಅನ್ನೋ ಸೌಲಭ್ಯ ಕೊಟ್ಟಿದ್ದಾರೆ, ಅದು ಮೇಜನ್ನು ಮೇಲಿನಿಂದ ನೋಡಿದ ಹಾಗೆ ತೋರಿಸುತ್ತದೆ. 2022ರಲ್ಲಿ ಮ್ಯಾಕ್‌ಒಎಸ್ ವೆಂಚುರಾ ಅನ್ನೋ ಮ್ಯಾಕ್ ಸಾಫ್ಟ್‌ವೇರ್ ಆವೃತ್ತಿಯ ಜೊತೆ ಬಂತು. ಐಫೋನನ್ನೇ ಮ್ಯಾಕ್‌ನ ಕ್ಯಾಮೆರಾ ಮಾಡಿಕೊಳ್ಳುವ ಕಂಟಿನ್ಯುಟಿ ಕ್ಯಾಮೆರಾದ ಒಂದು ಭಾಗ ಇದು. ಐಫೋನ್ 11 ಅಥವಾ ಅದರ ನಂತರದ್ದು ಇರಬೇಕು. ಎಸ್‌ಇ, 16ಇ ಥರದ ಮಾದರಿಗಳಲ್ಲಿ ಇದು ಆಗೋದಿಲ್ಲ, ಯಾಕೆಂದರೆ ತುಂಬಾ ಅಗಲವಾಗಿ ನೋಡುವ ಅಲ್ಟ್ರಾ ವೈಡ್ ಲೆನ್ಸ್ ಬೇಕೇ ಬೇಕು. ನಿಮ್ಮದು 2024ರ ಎಂ4 ಚಿಪ್‌ನ ಮ್ಯಾಕ್‌ಬುಕ್ ಪ್ರೊ ಅಥವಾ 2025ರ ಎಂ4 ಮ್ಯಾಕ್‌ಬುಕ್ ಏರ್ ಆಗಿದ್ದರೆ ಫೋನ್ ಕೂಡ ಬೇಡ. ಅವುಗಳಲ್ಲಿರುವ 12 ಮೆಗಾಪಿಕ್ಸೆಲ್ ಕ್ಯಾಮೆರಾನೇ ಮೇಜನ್ನು ತೋರಿಸುತ್ತದೆ. ಅದಕ್ಕಿಂತ ಹಳೆಯ ಮ್ಯಾಕ್‌ಬುಕ್‌ಗಳ ಕ್ಯಾಮೆರಾಗೆ ಅದು ಸಾಧ್ಯವಿಲ್ಲ.

ಹೊಂದಿಸೋದು ಸುಲಭ. ಫೋನ್ ಮತ್ತು ಮ್ಯಾಕ್ ಎರಡರಲ್ಲೂ ಒಂದೇ ಆಪಲ್ ಅಕೌಂಟ್ ಇರಲಿ. ವೈಫೈ, ಬ್ಲೂಟೂತ್ ಆನ್ ಆಗಿರಲಿ. ಮ್ಯಾಕ್‌ಗೆ ಫೋನಿನ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಕೊಡುತ್ತಿದ್ದರೆ ವೈರ್ ಇಲ್ಲದೆ ಇದು ನಡೆಯೋದಿಲ್ಲ, ಕೇಬಲ್ ಹಾಕಬೇಕು. ಫೋನನ್ನು ಲಾಕ್ ಮಾಡಿ, ಹಿಂಬದಿಯ ಲೆನ್ಸ್ ನಿಮ್ಮ ಕಡೆ ಇರುವ ಹಾಗೆ ಪರದೆಯ ಮೇಲಂಚಿಗೆ ಸಿಕ್ಕಿಸಿ. ಇದಕ್ಕೆಂದೇ ಮ್ಯಾಗ್ನೆಟ್ ಹಿಡಿಕೆ ಸಿಗುತ್ತದೆ. ಫೋನಿನ ಭಾರಕ್ಕೆ ಲ್ಯಾಪ್‌ಟಾಪ್ ಪರದೆ ಹಿಂದಕ್ಕೆ ಜಗ್ಗುತ್ತಿದ್ದರೆ, ಹಿಂದೆ ಸ್ಟ್ಯಾಂಡ್ ಇಟ್ಟು ಅದೇ ಎತ್ತರಕ್ಕೆ ಫೋನ್ ನಿಲ್ಲಿಸಿ. ವಿಡಿಯೋ ಕಾಲ್ ಶುರು ಮಾಡಿ ಕ್ಯಾಮೆರಾ ಪಟ್ಟಿಯಲ್ಲಿ ಐಫೋನ್ ಆರಿಸಿ. ಆಮೇಲೆ ಮೇಲಿನ ಮೆನು ಸಾಲಿನಲ್ಲಿರುವ ವಿಡಿಯೋ ಗುರುತು ಒತ್ತಿದರೆ ಡೆಸ್ಕ್ ವ್ಯೂ ಸಿಗುತ್ತದೆ. ವೆಂಚುರಾದಲ್ಲಿ ಅದು ಕಂಟ್ರೋಲ್ ಸೆಂಟರ್ ಒಳಗಿದೆ. ಬೇರೆ ಕಿಟಕಿಯೊಂದು ತೆರೆಯುತ್ತದೆ. ಜೂಮ್ ಅಥವಾ ಮೀಟ್‌ನಲ್ಲಿ ಸ್ಕ್ರೀನ್ ಶೇರ್ ಒತ್ತಿ ಆ ಒಂದು ಕಿಟಕಿಯನ್ನು ಮಾತ್ರ ಶೇರ್ ಮಾಡಿ. ಫೇಸ್‌ಟೈಮ್ ಆದರೆ ಕಾಲ್‌ನಲ್ಲೇ ಇದಕ್ಕೊಂದು ಬಟನ್ ಇದೆ.

ಇಷ್ಟು ಎಲ್ಲರೂ ಹೇಳುತ್ತಾರೆ. ಪಾಠ ಚೆನ್ನಾಗಿ ನಡೆಯೋದು ಅಥವಾ ಕೆಡೋದು ಇದರ ನಂತರದ ವಿಷಯಗಳಲ್ಲಿ.

ಮೇಜಿನ ಮೇಲೆ ನೇರವಾಗಿ ಕ್ಯಾಮೆರಾ ಇರೋದಿಲ್ಲ ಅಲ್ವಾ? ಎದುರಿನಿಂದ ಓರೆಯಾಗಿ ನೋಡಿದ ಚಿತ್ರದ ಕೆಳಭಾಗವನ್ನು ಕತ್ತರಿಸಿ, ತಿರುಗಿಸಿ, ಸೊಟ್ಟ ತಿದ್ದಿ, ಮೇಲಿನಿಂದ ನೋಡಿದ ಹಾಗೆ ಸಾಫ್ಟ್‌ವೇರ್ ಮಾಡಿ ತೋರಿಸುತ್ತದೆ. ಎಲ್ಲವೂ ಮೇಜಿನಷ್ಟೇ ಸಪಾಟು ಅಂದುಕೊಂಡು ಅದು ಲೆಕ್ಕ ಹಾಕುತ್ತದೆ. ಹಾಳೆ ಸಪಾಟಾಗಿದೆ, ಹಾಗಾಗಿ ಅಕ್ಷರ ಸರಿಯಾಗಿ ಕಾಣುತ್ತದೆ. ಕೈ, ಲೋಟ, ದಪ್ಪ ಪುಸ್ತಕ ಎಲ್ಲ ಉದ್ದಕ್ಕೆ ಎಳೆದ ಹಾಗೆ ಕಾಣುತ್ತವೆ. ಅದಕ್ಕೇ ನಾನು ಪುಸ್ತಕದಲ್ಲಿ ಬರೆಯೋದು ಬಿಟ್ಟೆ. ಪುಸ್ತಕದ ನಡುವಿನ ಉಬ್ಬಿನಲ್ಲಿ ಅಕ್ಷರ ಬಾಗುತ್ತದೆ. ಬಿಡಿ ಹಾಳೆ ತೆಗೆದುಕೊಂಡು ನಾಲ್ಕು ಮೂಲೆಗೂ ಟೇಪ್ ಅಂಟಿಸಿ.

ಈ ಓರೆ ನೋಟದಿಂದ ದೊಡ್ಡ ಲಾಭವೂ ಇದೆ. ಕ್ಯಾಮೆರಾ ನಮ್ಮ ಎದುರಿಗಿರುತ್ತದೆ, ಪೆನ್ನಿನ ತುದಿಯೂ ಆ ಕಡೆಗೇ ಇರುತ್ತದೆ. ಹಾಗಾಗಿ ಅಂಗೈ ಅಡ್ಡ ಬರೋದಿಲ್ಲ. ತುದಿ ಎಲ್ಲಿ ಊರಿತು, ಯಾವ ಕಡೆ ತಿರುಗಿತು, ಎಲ್ಲಿ ಎತ್ತಿತು, ಎಲ್ಲ ಕಾಣುತ್ತದೆ. ಚಿತ್ರ ಮಾತ್ರ ನಾವು ಕೂತ ಕಡೆಯಿಂದ ನೋಡಿದ ಹಾಗೆ ತಿರುಗಿರುತ್ತದೆ. ಮಗುವಿಗೆ ಅದು ತನ್ನದೇ ಕೈ ಅನ್ನಿಸುತ್ತದೆ. 'ವ' ಮತ್ತು 'ಮ' ನೋಡಿ. ಬಲಗಡೆಯ ಆ ಒಂದು ತಿರುವಿನಲ್ಲೇ ವ್ಯತ್ಯಾಸ. ನಮ್ಮ ಪಕ್ಕದಲ್ಲಿ ಕೂತು ನೋಡಿದರೆ ಎಷ್ಟು ಬೇಗ ಅರ್ಥವಾಗುತ್ತದೋ ಹೀಗೆ ನೋಡಿದರೂ ಹಾಗೇ ಅರ್ಥವಾಗುತ್ತದೆ.

ಲ್ಯಾಪ್‌ಟಾಪ್ ಆದ್ದರಿಂದ ಕೀಬೋರ್ಡ್ ಕೂಡ ಚಿತ್ರದಲ್ಲಿ ಬರುತ್ತದೆ. ಹಾಳೆಯನ್ನು ಲ್ಯಾಪ್‌ಟಾಪ್‌ನ ಅಂಚಿಗೆ ತಾಗಿಸಿ ಇಡಿ. ಪರದೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಆಮೇಲೆ ಡೆಸ್ಕ್ ವ್ಯೂ ಕಿಟಕಿಯ ಸ್ಲೈಡರ್ ಎಳೆದು ಹಾಳೆ ಮಾತ್ರ ಕಾಣುವಷ್ಟು ಹತ್ತಿರ ತನ್ನಿ. ಜಾಸ್ತಿ ಹತ್ತಿರ ತಂದರೆ ಮಸುಕಾಗುತ್ತದೆ. ಅದಕ್ಕಿಂತ ಅಕ್ಷರವನ್ನೇ ದೊಡ್ಡದಾಗಿ ಬರೆಯೋದು ಒಳ್ಳೆಯದು. ನಾನು ಎರಡು ಬೆರಳಗಲದ ಅಕ್ಷರ ಬರೆಯುತ್ತೇನೆ. ಪೆನ್ಸಿಲ್ ಬೇಡ, ಕಾಣೋದಿಲ್ಲ. ಕಪ್ಪು ಸ್ಕೆಚ್ ಪೆನ್ ಸಾಕು. ಒತ್ತಕ್ಷರ ಬರೆಯುವಾಗ ಕೆಂಪು ತೆಗೆದುಕೊಳ್ಳುತ್ತೇನೆ.

ಬೆಳಕು ನಿಮ್ಮ ಬೆನ್ನ ಹಿಂದೆ ಇರಬಾರದು. ತಲೆ, ಭುಜದ ನೆರಳು ಹಾಳೆಯ ಮೇಲೇ ಬೀಳುತ್ತದೆ. ಬಲಗೈಯಲ್ಲಿ ಬರೆಯುವವರಾದರೆ ಎಡಗಡೆ ಕಿಟಕಿ ಇರಲಿ. ರಾತ್ರಿಯಾದರೆ ಎಡಕ್ಕೆ ಒಂದು ಟೇಬಲ್ ಲ್ಯಾಂಪ್ ಇಡಿ. ಅಮೆರಿಕದ ಮಕ್ಕಳಿಗೆ ಬೆಳಗಾಗುವ ಹೊತ್ತಿಗೆ ನಮಗೆ ಸಂಜೆ ದಾಟಿರುತ್ತದೆ, ಹಾಗಾಗಿ ನನಗೆ ಲ್ಯಾಂಪೇ ಗತಿ.

ಇನ್ನೊಂದು ವಿಷಯ ಪಾಠದ ನಡುವೆ ತೊಂದರೆ ಕೊಡುತ್ತದೆ. ಮ್ಯಾಕ್‌ಒಎಸ್ ಸೊನೋಮಾದಿಂದ ಈಚೆಗೆ ರಿಯಾಕ್ಷನ್ಸ್ ಅಂತ ಸೇರಿಸಿದ್ದಾರೆ. ಕ್ಯಾಮೆರಾ ಎದುರು ಎರಡು ಬೆರಳು ಎತ್ತಿದರೆ ಪರದೆಯಲ್ಲಿ ಬಲೂನು ಹಾರುತ್ತದೆ. ನಾನು "ಎರಡು" ಅಂತ ಬೆರಳು ತೋರಿಸಿದಾಗ ಬಲೂನು ಹಾರಿ, ಪಾಠ ಹತ್ತು ನಿಮಿಷ ನಿಂತಿತು. ಐದು ಮಕ್ಕಳೂ ಎರಡು ಬೆರಳು ಎತ್ತಿಕೊಂಡು ಕೂತರು. ಅದೇ ವಿಡಿಯೋ ಮೆನುವಿನಲ್ಲಿ ರಿಯಾಕ್ಷನ್ಸ್ ಆಫ್ ಮಾಡಿ.

ಜೂಮ್ ಬಳಸಿದರೆ, ಶೇರ್ ಮಾಡುವಾಗ ಕೆಳಗೆ 'ಆಪ್ಟಿಮೈಜ್ ಫಾರ್ ವಿಡಿಯೋ ಕ್ಲಿಪ್' ಅಂತ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಕೈ ತಡವರಿಸಿ ತಡವರಿಸಿ ಚಲಿಸಿದ ಹಾಗೆ ಕಾಣುತ್ತದೆ. ನೆಟ್ ನಿಧಾನ ಇದ್ದರೆ ಟಿಕ್ ತೆಗೆದು, ನೀವೇ ನಿಧಾನವಾಗಿ ಬರೆಯಿರಿ.

ನಿಮ್ಮ ಪ್ರಶ್ನೆಯ ಕೆಳಗೆ ವಿಂಡೋಸ್ ಬಗ್ಗೆ ಕೇಳಿದವರಿಗೂ ಎರಡು ಮಾತು. ಮೇಜು ತೋರಿಸುವ ಇಂಥ ಸೌಲಭ್ಯ ವಿಂಡೋಸ್‌ನಲ್ಲೇ ಇಲ್ಲ. ಆದರೆ ವಿಂಡೋಸ್ 11ರಲ್ಲಿ ಆಂಡ್ರಾಯ್ಡ್ ಫೋನನ್ನು ವೆಬ್‌ಕ್ಯಾಮ್ ಮಾಡಬಹುದು. ಸೆಟಿಂಗ್ಸ್‌ನ ಮೊಬೈಲ್ ಡಿವೈಸಸ್ ಭಾಗದಲ್ಲಿ ಇದೆ, ಫೋನಿನಲ್ಲಿ ಲಿಂಕ್ ಟು ವಿಂಡೋಸ್ ಆ್ಯಪ್ ಬೇಕು. ಇದಕ್ಕಿಂತ ಸರಳ ದಾರಿ ಅಂದರೆ, ಫೋನಿನಿಂದಲೂ ಅದೇ ಮೀಟಿಂಗ್‌ಗೆ ಸೇರಿ, ಎರಡು ಡಬ್ಬದ ನಡುವೆ ಸ್ಕೇಲು ಅಡ್ಡ ಇಟ್ಟು, ಅದರ ಮೇಲೆ ಫೋನನ್ನು ಕೆಳಮುಖವಾಗಿ ಮಲಗಿಸೋದು. ಫೋನಿನ ಆಡಿಯೋ ಸೇರಿಸಬೇಡಿ, ಮಾತು ಪ್ರತಿಧ್ವನಿಸುತ್ತದೆ. ಲ್ಯಾಪ್‌ಟಾಪ್ ಕ್ಯಾಮೆರಾ ಮುಂದೆ ಹಳೆಯ ಸಿಡಿ ಅಥವಾ ಸಣ್ಣ ಕನ್ನಡಿ ಓರೆಯಾಗಿ ಅಂಟಿಸುವ ಉಪಾಯವನ್ನು ಲಾಕ್‌ಡೌನ್ ಕಾಲದಲ್ಲಿ ಎಷ್ಟೋ ಮೇಷ್ಟ್ರುಗಳು ಮಾಡಿದರು. ಚಿತ್ರಕಲೆಗೆ ನಡೆಯುತ್ತದೆ. ಅಕ್ಷರಕ್ಕೆ ಬೇಡವೇ ಬೇಡ, ಕನ್ನಡಿಯಲ್ಲಿ ಕಂಡದ್ದು ತಿರುಗುಮುರುಗಾಗಿ ಹೋಗುತ್ತದೆ.

ಪಾಠಕ್ಕೆ ಮೊದಲು ಮೇಜು ಖಾಲಿ ಮಾಡಿ. ಡೆಸ್ಕ್ ವ್ಯೂ ನೀವು ಅಂದುಕೊಂಡಿದ್ದಕ್ಕಿಂತ ಅಗಲವಾಗಿ ನೋಡುತ್ತದೆ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೆರಾಕ್ಸ್, ಔಷಧಿ ಚೀಟಿ ಯಾವುದೂ ಪಕ್ಕದಲ್ಲಿ ಇರಬಾರದು.

ಕೊನೆಗೆ, ಆ ಕಡೆಯ ಮಕ್ಕಳ ಕೈ ನಿಮಗೂ ಕಾಣಬೇಕು. ಇದು ನನಗೆ ತಡವಾಗಿ ಹೊಳೆಯಿತು. ನಿಮ್ಮ ಅಕ್ಕನಿಗೆ ಹೇಳಿ, ಅವರ ಮನೆಯಲ್ಲೂ ಒಂದು ಫೋನನ್ನು ಪುಸ್ತಕಗಳ ಮೇಲೆ ಎತ್ತರಿಸಿ ಮಗುವಿನ ಹಾಳೆಯ ಕಡೆ ತಿರುಗಿಸಿ ಇಡಲಿ. 'ಧ'ದ ಗೆರೆಯನ್ನು ಮೊದಲು ಎಳೆಯುತ್ತಿದ್ದಾಳೆ ಅಂತ ನನಗೆ ಗೊತ್ತಾಗಿದ್ದೇ ನನ್ನ ತಮ್ಮ ಹಾಗೆ ಫೋನ್ ಇಟ್ಟ ದಿನ. ಅದುವರೆಗೆ ನಾನು ಅವಳಿಗೆ "ಚೆನ್ನಾಗಿದೆ" ಅಂತಲೇ ಹೇಳುತ್ತಿದ್ದೆ.