ಬ್ಲೈಂಡಿನ ನೆರಳು ಕಲಸಿಹೋಗುವುದೇಕೆ?

ಪ್ರಶ್ನೆ: ಫಿಲ್ಮ್ ನುವಾರ್ (ಗಾಢ ನೆರಳು-ಬೆಳಕಿನ ಹಳೆಯ ಅಪರಾಧ ಚಿತ್ರಗಳ) ಶೈಲಿಯ ಕಿರುಚಿತ್ರಕ್ಕೆ ಗೋಡೆಯ ಮೇಲೆ ವೆನೀಷಿಯನ್ ಬ್ಲೈಂಡಿನ (ಅಡ್ಡ ಪಟ್ಟಿಗಳ ಕಿಟಕಿ ಪರದೆಯ) ನೆರಳು ಬೇಕು. ದೀಪಕ್ಕೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಪೆಟ್ಟಿಗೆ) ಹಾಕಿದರೆ ಗೆರೆಗಳೇ ಮೂಡುತ್ತಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಸಾಫ್ಟ್‌ಬಾಕ್ಸ್ ಬಿಚ್ಚಿಡಿ, ತೊಂದರೆ ಅದರದೇ. ದೀಪದಿಂದ ಬ್ಲೈಂಡಿಗೆ 4 ಮೀಟರ್, ಬ್ಲೈಂಡಿನಿಂದ ಗೋಡೆಗೆ 1 ಮೀಟರ್ ಎಂದುಕೊಳ್ಳಿ. 60 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸ್‌ನಲ್ಲಿ ನೆರಳಿನ ಅಂಚು 15 ಸೆಂ.ಮೀ. ಹರಡುತ್ತದೆ, ಬ್ಲೈಂಡಿನ 5 ಸೆಂ.ಮೀ. ಪಟ್ಟಿಗಳ ನೆರಳು ಉಳಿಯುವುದಾದರೂ ಹೇಗೆ? 5 ಸೆಂ.ಮೀ. ಅಗಲದ ಬರಿ ದೀಪವಾದರೆ ಹರಡುವುದು ಒಂದೂಕಾಲು ಸೆಂ.ಮೀ. ಮಾತ್ರ. ದೀಪವನ್ನು ಇನ್ನೂ ಹಿಂದಕ್ಕೆ, ಬ್ಲೈಂಡನ್ನು ಗೋಡೆಯ ಹತ್ತಿರಕ್ಕೆ ಸರಿಸಿದಷ್ಟೂ ಗೆರೆ ಚೂಪಾಗುತ್ತದೆ.

ಫಿಲ್ ಲೈಟ್ (ನೆರಳನ್ನು ತಿಳಿಯಾಗಿಸುವ ಎರಡನೇ ದೀಪ) ಬೇಡ. ಸಣ್ಣ ಕೋಣೆಯ ಬಿಳಿ ಗೋಡೆಗಳಿಂದ ಬೆಳಕು ಪುಟಿದರೂ ನೆರಳಿನ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಫ್ರೇಮಿನ ಹೊರಗೆ ಕಪ್ಪು ಬಟ್ಟೆ ಇಳಿಬಿಡಿ. ಆಟೊ ಎಕ್ಸ್‌ಪೋಷರ್ (ಕ್ಯಾಮೆರಾ ತಾನೇ ಬೆಳಕಿನ ಮಟ್ಟ ಹೊಂದಿಸಿಕೊಳ್ಳುವುದು) ಆಫ್ ಮಾಡಿ, ಮುಖದ ಮೇಲಿನ ಬೆಳಕಿನ ಪಟ್ಟಿಗೆ ಎಕ್ಸ್‌ಪೋಷರ್ ಹೊಂದಿಸಿ. ಇಲ್ಲದಿದ್ದರೆ ಕ್ಯಾಮೆರಾ ಕತ್ತಲನ್ನು ಬೆಳಗಲು ಹೋಗಿ ಚಿತ್ರದಲ್ಲಿ ನಾಯ್ಸ್ (ಚುಕ್ಕಿಚುಕ್ಕಿ ಕಲೆ) ತುಂಬುತ್ತದೆ.

ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ನುವಾರ್ ಚಿತ್ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ (1944) ಛಾಯಾಗ್ರಾಹಕ ಜಾನ್ ಸೈಟ್ಸ್, ಬಿಸಿಲಲ್ಲಿ ದೂಳು ತೇಲುವುದು ಕಾಣಲೆಂದು ಅಲ್ಯೂಮಿನಿಯಂ ಪುಡಿ ಬಳಸಿದ್ದರು. ನೀವು ಮಾತ್ರ ಆ ಸಾಹಸಕ್ಕೆ ಕೈಹಾಕಬೇಡಿ, ಶ್ವಾಸಕೋಶಕ್ಕೆ ಕೆಡುಕು. ಬಾಡಿಗೆಯ ಹೇಜ್ ಮೆಷಿನ್ (ತೆಳುವಾದ ಮಂಜು ಹರಡುವ ಯಂತ್ರ) ಸಾಕು.