ರನ್‌ವೇ ದೀಪಗಳ ನಿರ್ವಹಣೆಗೆ ಮೂರು ಆಯಾಮದ ನಕ್ಷೆ: ಕಾವೂರಿನ ಸದಸ್ಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ವಿಮಾನ ನಿಲ್ದಾಣದ ದೀಪ ಮತ್ತು ವಿದ್ಯುತ್ ವ್ಯವಸ್ಥೆಯನ್ನು ನೋಡಿಕೊಳ್ಳಲು ಮೂರು ಆಯಾಮದ ನಕ್ಷೆ ಬಳಸುತ್ತಾರಂತೆ, ಅದರಿಂದ ನಿಜವಾಗಿ ಏನು ಪ್ರಯೋಜನ, ನಮ್ಮ ಡ್ರೋನ್ ಮತ್ತು ನಕ್ಷೆ ಗುಂಪಿನವರು ಅದನ್ನು ಎಲ್ಲಿಂದ ಕಲಿಯಲು ಆರಂಭಿಸಬೇಕು ಎಂದು ಕಾವೂರಿನ ಸದಸ್ಯರು ಕೇಳಿದ್ದಾರೆ. ಈವರೆಗಿನ ಉತ್ತರಗಳು ಸಾಫ್ಟ್‌ವೇರ್ ಕುರಿತೇ ಇರುವುದರಿಂದ ನಾನು ವಿದ್ಯುತ್ತಿನ ಕಡೆಯಿಂದ ಬರೆಯುತ್ತೇನೆ.

ಮೊದಲು ಜೋಡಣೆ ಅರ್ಥವಾಗಬೇಕು. ರನ್‌ವೇಯಲ್ಲಿ, ಹಬ್ಬಕ್ಕೆ ಕಟ್ಟುವ ಸೀರಿಯಲ್ ಸೆಟ್ಟಿನಂತೆ, ಒಂದೇ ಕೇಬಲ್ ಎಲ್ಲ ದೀಪಗಳನ್ನೂ ಹಾದು ಹೊರಟಲ್ಲಿಗೇ ಮರಳುತ್ತದೆ. ಕಾನ್‌ಸ್ಟಂಟ್ ಕರೆಂಟ್ ರೆಗ್ಯುಲೇಟರ್ ಸಾಮಾನ್ಯವಾಗಿ 2.8ರಿಂದ 6.6 ಆಂಪಿಯರ್‌ವರೆಗೆ ಐದು ಹಂತಗಳಲ್ಲಿ ಕರೆಂಟನ್ನು ಸ್ಥಿರವಾಗಿಡುತ್ತದೆ. ಪ್ರತಿ ದೀಪಕ್ಕೂ ಒಂದು ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ (ದೀಪವನ್ನು ಮುಖ್ಯ ಕೇಬಲ್ಲಿನಿಂದ ಬೇರ್ಪಡಿಸುವ ಸಣ್ಣ ಟ್ರಾನ್ಸ್‌ಫಾರ್ಮರ್) ಇರುವುದರಿಂದ ಒಂದು ಬಲ್ಬು ಹೋದರೆ ಉಳಿದವು ಆರುವುದಿಲ್ಲ. ಇನ್‌ಸ್ಟ್ರುಮೆಂಟ್ ರನ್‌ವೇಯಲ್ಲಿ, ಅಂದರೆ ಪೈಲಟ್ ಉಪಕರಣಗಳ ನೆರವಿನಿಂದ ಇಳಿಯುವ ರನ್‌ವೇಯಲ್ಲಿ, ಅಂಚಿನ ದೀಪಗಳ ನಡುವೆ 60 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ನಮ್ಮ ಕೆಂಜಾರಿನ ಮಂಗಳೂರು ವಿಮಾನ ನಿಲ್ದಾಣದ 2,450 ಮೀಟರ್ ಉದ್ದದ ರನ್‌ವೇಗೆ ಈ ಲೆಕ್ಕ ಹಿಡಿದರೆ ಎರಡೂ ಬದಿ ಸೇರಿ ಎಂಬತ್ತಕ್ಕೂ ಹೆಚ್ಚು ದೀಪಗಳಾಗುತ್ತವೆ. ಇವನ್ನು ಎರಡು ಸರ್ಕ್ಯೂಟ್‌ಗಳಿಗೆ ಒಂದು ಬಿಟ್ಟು ಒಂದರಂತೆ ಹಂಚುವುದು ವಾಡಿಕೆ, ಏಕೆಂದರೆ ಒಂದು ಸರ್ಕ್ಯೂಟ್ ಪೂರ್ತಿ ನಿಂತರೂ ಪೈಲಟ್‌ಗೆ ರನ್‌ವೇಯ ಆಕಾರ ಕಾಣುತ್ತಿರಬೇಕು.

ಕಷ್ಟ ಬರುವುದು ಅರ್ತ್ ಫಾಲ್ಟ್‌ನಲ್ಲಿ, ಅಂದರೆ ಕರೆಂಟು ಕೇಬಲ್ಲಿನಿಂದ ನೆಲಕ್ಕೆ ಸೋರುವ ದೋಷದಲ್ಲಿ. ಈ ಸರ್ಕ್ಯೂಟ್ ಭೂಮಿಗೆ ಜೋಡಣೆಯಾಗಿರುವುದಿಲ್ಲವಾದ್ದರಿಂದ ಒಂದು ಕಡೆ ಕೇಬಲ್ಲಿನ ಇನ್ಸುಲೇಷನ್ ಹಾಳಾದರೆ ಹೊರಗೆ ಏನೂ ತಿಳಿಯುವುದಿಲ್ಲ, ದೀಪಗಳು ಎಂದಿನಂತೆ ಉರಿಯುತ್ತವೆ. ಎರಡನೆಯ ಕಡೆಯೂ ಹಾಳಾದಾಗ ಕರೆಂಟು ನೆಲದ ಮೂಲಕ ಅಡ್ಡದಾರಿ ಹಿಡಿದು, ಆ ಎರಡು ಜಾಗಗಳ ನಡುವಿನ ದೀಪಗಳು ಮಂಕಾಗುತ್ತವೆ ಅಥವಾ ಆರುತ್ತವೆ. ಮಂಕಾದ ಗುಂಪಿನ ಎರಡು ತುದಿಗಳಲ್ಲಿ ದೋಷ ಇದೆ ಎಂದು ಆಗ ಊಹಿಸಬಹುದು. ಆದರೆ ಕೇಬಲ್ ಯಾವ ಕ್ರಮದಲ್ಲಿ ದೀಪದಿಂದ ದೀಪಕ್ಕೆ ಹೋಗಿದೆ ಎಂದು ಗೊತ್ತಿದ್ದರೆ ಮಾತ್ರ ಈ ಊಹೆಗೆ ಬೆಲೆ. ನೆಲದ ಮೇಲೆ ಪಕ್ಕಪಕ್ಕದಲ್ಲಿರುವ ಎರಡು ದೀಪಗಳು ಬೇರೆ ಬೇರೆ ಸರ್ಕ್ಯೂಟಿನವು. ಆದ್ದರಿಂದ ನಕ್ಷೆಯಲ್ಲಿ ಪ್ರತಿ ದೀಪಕ್ಕೂ ಸ್ಥಾನ, ಎತ್ತರಗಳ ಜೊತೆಗೆ ಸರ್ಕ್ಯೂಟಿನ ಹೆಸರು, ಅದರಲ್ಲಿ ಎಷ್ಟನೆಯದು, ಯಾವ ಪಿಟ್‌ನ (ನೆಲದಲ್ಲಿ ಮುಚ್ಚಳವಿರುವ ಗುಂಡಿಯ) ಟ್ರಾನ್ಸ್‌ಫಾರ್ಮರ್, ಕೇಬಲ್ ಜಾಯಿಂಟ್ ಎಲ್ಲಿ ಎಂಬ ವಿವರ ಇರಲೇಬೇಕು. ರಾತ್ರಿ ವಿಮಾನಗಳಿಲ್ಲದ ಕೆಲವೇ ಗಂಟೆಗಳಲ್ಲಿ ಸರ್ಕ್ಯೂಟನ್ನು ಸರಿಯಾಗಿ ನಡುವಿನ ಪಿಟ್‌ನಲ್ಲಿ ಬಿಡಿಸಿ, ಎರಡೂ ಅರ್ಧಗಳನ್ನು ಮೆಗ್ಗರ್ ಮಾಡಿ (ಇನ್ಸುಲೇಷನ್ ಎಷ್ಟು ಗಟ್ಟಿಯಾಗಿದೆ ಎಂದು ಆ ಉಪಕರಣದಿಂದ ಅಳೆದು), ಕೆಟ್ಟ ಅರ್ಧವನ್ನು ಮತ್ತೆ ಎರಡು ಮಾಡುತ್ತಾ ಹೋಗುವ ತಂಡಕ್ಕೆ, ಬಣ್ಣ ಬಣ್ಣದ ಮಾದರಿಗಿಂತ ಈ ಕ್ರಮಸಂಖ್ಯೆಯೇ ಹೆಚ್ಚು ಉಪಕಾರಿ.

ನೆಲದ ಮೇಲಿನದನ್ನು ಅಳೆಯುವುದು ಈಗ ಕಷ್ಟವಲ್ಲ. ಆರ್‌ಟಿಕೆ ಉಪಕರಣ (ನೆಲದ ಕೇಂದ್ರದಿಂದ ತಿದ್ದುಪಡಿ ಪಡೆಯುವ ಜಿಪಿಎಸ್) ಎರಡು ಮೂರು ಸೆಂಟಿಮೀಟರ್ ನಿಖರತೆ ಕೊಡುತ್ತದೆ, ಲೇಸರ್ ಸ್ಕ್ಯಾನರ್ ಅದಕ್ಕಿಂತ ಸೂಕ್ಷ್ಮ. ನೆಲದಡಿಯ ಕೇಬಲ್ಲಿಗೆ ಜಿಪಿಆರ್, ಅಂದರೆ ನೆಲದೊಳಗೆ ರೇಡಿಯೊ ತರಂಗ ಕಳಿಸಿ ಪ್ರತಿಫಲನ ಓದುವ ಯಂತ್ರ, ಮತ್ತು ಕೇಬಲ್ ಲೊಕೇಟರ್ ಎರಡೂ ಬೇಕು. ಜೇಡಿ ಬೆರೆತ ಒದ್ದೆ ಮಣ್ಣು ಜಿಪಿಆರ್ ತರಂಗವನ್ನು ಬೇಗ ನುಂಗುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಮಳೆಗಾಲಕ್ಕೆ ಈ ಕೆಲಸ ಇಟ್ಟುಕೊಳ್ಳಬಾರದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾಡಿ, ಆಳ ಗೊತ್ತಿರುವ ಒಂದು ತೆರೆದ ಪಿಟ್‌ನಲ್ಲಿ ಮೊದಲು ಯಂತ್ರದ ಅಳತೆಯನ್ನು ತಾಳೆ ನೋಡಿಕೊಳ್ಳಬೇಕು.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳಲು ಬಯಸುವುದು ಇದು: ಕಂದಕ ಮುಚ್ಚುವ ಮೊದಲು ಸ್ಕ್ಯಾನ್ ಮಾಡಿರಿ. ಕೇಬಲ್ ಕಣ್ಣಿಗೆ ಕಾಣುವಾಗ ಒಂದು ಗಂಟೆಯಲ್ಲಿ ಸಿಗುವ ನಿಖರತೆ, ಮಣ್ಣು ಮುಚ್ಚಿದ ಮೇಲೆ ಯಾವ ಯಂತ್ರದಿಂದಲೂ ಸಿಗುವುದಿಲ್ಲ. ಹಳೆಯ ಕೇಬಲ್ಲುಗಳಿಗೆ ಅಂತಹ ಅವಕಾಶವಿಲ್ಲದ ಕಾರಣ, ಪ್ರತಿ ಗೆರೆಯ ಜೊತೆ ಅದು ಹೇಗೆ ತಿಳಿದದ್ದು ಎಂದು ದಾಖಲಿಸಬೇಕು. ಅಮೆರಿಕದ ಎಎಸ್‌ಸಿಇ 38 ಮಾನದಂಡ ಇದಕ್ಕೆ ನಾಲ್ಕು ದರ್ಜೆ ಇಟ್ಟಿದೆ: ಹಳೆಯ ಕಾಗದದಿಂದ ಬಂದದ್ದು ಡಿ, ಮೇಲೆ ಕಾಣುವ ಪಿಟ್ ಮುಚ್ಚಳಗಳನ್ನು ಅಳೆದು ಜೋಡಿಸಿದ್ದು ಸಿ, ಜಿಪಿಆರ್‌ನಂತಹ ಯಂತ್ರ ತೋರಿಸಿದ್ದು ಬಿ, ಅಗೆದು ಕಣ್ಣಾರೆ ಕಂಡು ಅಳೆದದ್ದು ಎ. ಡಿ ದರ್ಜೆಯ ಗೆರೆಯನ್ನು ನಂಬಿ ಜೆಸಿಬಿ ಇಳಿಸುವವರು ಒಳ್ಳೆಯ ಕೇಬಲ್ಲನ್ನೂ ಕಡಿಯುತ್ತಾರೆ.

ನಕ್ಷೆಗೆ ಓದಿಕೆಗಳನ್ನೂ ಸೇರಿಸಬೇಕು. ಅಂತರರಾಷ್ಟ್ರೀಯ ನಿಯಮದಂತೆ ದೀಪದ ಮುಖ್ಯ ಕಿರಣದ ಸರಾಸರಿ ಪ್ರಕಾಶ ನಿಗದಿತ ಮೌಲ್ಯದ 50 ಪ್ರತಿಶತಕ್ಕಿಂತ ಇಳಿದರೆ, ಅದು ಉರಿಯುತ್ತಿದ್ದರೂ ಕೆಟ್ಟಂತೆಯೇ ಲೆಕ್ಕ. ಮಳೆಗಾಲಕ್ಕೆ ಮೊದಲು ಮತ್ತು ನಂತರದ ಮೆಗ್ಗರ್ ಓದಿಕೆಗಳನ್ನು ಸರ್ಕ್ಯೂಟಿನ ಮೇಲೆ ನಮೂದಿಸುತ್ತಾ ಬಂದರೆ ಯಾವ ಭಾಗ ವರ್ಷದಿಂದ ವರ್ಷಕ್ಕೆ ದುರ್ಬಲವಾಗುತ್ತಿದೆ ಎಂದು ಎರಡನೆಯ ಫಾಲ್ಟ್ ಬರುವ ಮೊದಲೇ ಕಾಣುತ್ತದೆ.

ಎತ್ತರದ ಬಗ್ಗೆಯೂ ಎಚ್ಚರ ಬೇಕು. ಜಿಪಿಎಸ್ ಉಪಕರಣ ಕೊಡುವ ಮೂಲ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ಪಣಂಬೂರು ಕಡಲತೀರದಲ್ಲಿ ನಿಂತರೂ ಅದು ಹತ್ತಾರು ಮೀಟರ್ ಮೈನಸ್ ತೋರಿಸುತ್ತದೆ. ಒಂದು ಕಡತದಲ್ಲಿ ಆ ಎತ್ತರ, ಇನ್ನೊಂದರಲ್ಲಿ ಸಮುದ್ರಮಟ್ಟದ ಎತ್ತರ ಇದ್ದರೆ ಕೇಬಲ್ಲು ದೀಪಗಳಿಗಿಂತ ಎಷ್ಟೋ ಮೇಲೆ ಅಥವಾ ಕೆಳಗೆ ತೇಲುತ್ತದೆ. ಅಳತೆಗೆ ಯುಟಿಎಂ (ಸ್ಥಾನವನ್ನು ಮೀಟರಿನಲ್ಲಿ ಹೇಳುವ ನಕ್ಷೆ ಪದ್ಧತಿ) 43 ಉತ್ತರ ವಲಯ ಬಳಸಿ, ಎತ್ತರದ ಆಧಾರ ಯಾವುದೆಂದು ಕಡತದಲ್ಲೇ ಬರೆದಿಡಿ.

ಕಲಿಯಲು ಡ್ರೋನ್ ಹಿಡಿದು ನಿಲ್ದಾಣದ ಕಡೆ ಹೋಗಬೇಡಿ. ಕಾವೂರು, ಬಜಪೆ, ಕೈಕಂಬದ ಸುತ್ತ ಡಿಜಿಟಲ್ ಸ್ಕೈ ನಕ್ಷೆ (ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ನಕ್ಷೆ) ನೋಡದೆ, ಬೇಕಾದ ಅನುಮತಿ ಪಡೆಯದೆ ಹಾರಿಸುವುದು ಕಾನೂನಿಗೆ ವಿರುದ್ಧ, ವಿಮಾನಗಳಿಗೆ ಅಪಾಯ. ನಿಮ್ಮ ಕಾಲೇಜಿನ ಆವರಣ ಅಥವಾ ನಿಮ್ಮದೇ ತೋಟದ ಪಂಪಿನ ಕೇಬಲ್ ಸಾಕು. ಉಚಿತವಾಗಿ ಸಿಗುವ ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಕಂಬ, ಜಾಯಿಂಟ್, ಸ್ಟಾರ್ಟರ್ ಪೆಟ್ಟಿಗೆಗಳನ್ನು ಗುರುತಿಸಿ, ಆಳ ಮತ್ತು ದರ್ಜೆ ಬರೆದು, ಲೈನ್ ಆಫ್ ಮಾಡಿ ತೆಗೆದ ಮೆಗ್ಗರ್ ಓದಿಕೆಯನ್ನು ದಿನಾಂಕ ಸಹಿತ ಸೇರಿಸಿ. ಮುಂದಿನ ಮಳೆ ಕಳೆದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಓದಿಕೆ ತೆಗೆದು ಎರಡನ್ನೂ ಇಲ್ಲಿ ಹಾಕಿದರೆ ಒಟ್ಟಿಗೆ ನೋಡೋಣ.