ಕೇರಂ ಬೋರ್ಡಿನ ಮ್ಯಾಲ ರಕ್ಕಸಗಿ-ತಂಗಡಗಿ: ಓದುಗರು ಕೇಳ್ಯಾರ, ನಾವು ಹೇಳೇವಿ

ಹೋದ ಸಂಚಿಕೆಯೊಳಗ ಸಣ್ಣ ಸಣ್ಣ ಗೊಂಬಿ ಸೈನಿಕರನ್ನ ಟೇಬಲ್ ಮ್ಯಾಲ ನಿಲ್ಲಿಸಿ ಆಡೂ ಯುದ್ಧದ ಆಟದ ಬಗ್ಗೆ ನಾಕ್ ಸಾಲ ಬರದಿದ್ದೆ. ಅದಕ್ಕ ನಮ್ಮ ಮೂರೂ ಜಿಲ್ಲಾದಿಂದ ಪತ್ರ ಬಂದಾವ, ಓದಿ ಭಾಳ ಖುಷಿ ಆತು. ಐದು ಪ್ರಶ್ನೆ ಆರಿಸಿಕೊಂಡೇನಿ.

ದೀಪಾವಳಿಗೆ ನಮ್ಮ ಓಣಿ ಹುಡುಗ್ರು ಮಣ್ಣಿನ ಕಿಲ್ಲೆ ಕಟ್ಟತಾರ್ರಿ. ನನ್ನ ಮಗ ಏಳನೇ ಇಯತ್ತೆ, ಹಬ್ಬ ಮುಗದು ತಿಂಗಳಾದ್ರೂ ಕಿಲ್ಲೆ ಕೆಡವಾಕ ಕೊಡವಲ್ಲ, ಮಾವಳೆ ಅಂದ್ರ ಶಿವಾಜಿ ಸೈನಿಕರ ಗೊಂಬಿ ಹಿಡಕೊಂಡು ದಿನಾ ಲಡಾಯಿ ನಡಸ್ಯಾನ. ಇದು ಬರೇ ಹುಡುಗಾಟನೋ, ದೊಡ್ಡವ್ರೂ ಆಡತಾರೋ?
– ಒಬ್ಬ ತಾಯಿ, ಶಹಾಪುರ, ಬೆಳಗಾವಿ

ದೊಡ್ಡವ್ರೂ ಆಡತಾರ್ರಿ ಅಕ್ಕಾವ್ರ, ಇನ್ನೂರು ವರ್ಷದಿಂದ ಆಡಾಕತ್ತಾರ. ಈಗಿನ ಜರ್ಮನಿ ಕಡೆ ಇದ್ದ ಪ್ರಷ್ಯಾ ದೇಶದೊಳಗ ರೈಸ್ವಿಟ್ಸ್ ಅಂತ ಅಪ್ಪ-ಮಗ ಇದ್ರು, ಅಪ್ಪ 1812ರಾಗ ರಾಜಾಗ ಇಂಥಾದ್ದೊಂದು ಆಟ ಮಾಡಿ ತೋರಿಸಿದ, ಮಗ ಸೈನ್ಯದಾಗ ಅಧಿಕಾರಿ, ಅವ 1824ರಾಗ ಅದನ್ನ ತಿದ್ದಿ ನಕಾಶೆ ಮ್ಯಾಲ ಆಡೂ ಹಂಗ ಮಾಡಿದ. ನಕಾಶೆ 1:8000 ಅಳತಿದು, ಒಂದೊಂದು ಸರದಿ ಅಂದ್ರ ನಿಜವಾದ ಯುದ್ಧದ 2 ನಿಮಿಷ, ಗುಂಡು ತಾಗ್ತೋ ಇಲ್ಲೋ ಅನ್ನೂದಕ್ಕ ದಾಳ, ನಡುವ ಒಬ್ಬ ಪಂಚ ಕುಂತು ತೀರ್ಪು ಕೊಡಾಂವ. ಆಮ್ಯಾಲ ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಾಗ ಮನಿ ನೆಲದ ಮ್ಯಾಲ ಗೊಂಬಿ ಇಟ್ಟು ಆಡೂ ನಿಯಮ ಬರದು ಅಚ್ಚು ಹಾಕಿಸಿದ್ರು, ಅದರಾಗ ಆಟಗಿ ತೋಪಿನಿಂದ ಕಟಗಿ ತುಂಡು ಹಾರಿಸಿ ಎದುರಿನ ಗೊಂಬಿ ಬೀಳಸೂದು.

ನಿಮ್ಮ ಮಗ ಕಿಲ್ಲೆ ಕಟ್ಟೂ ಮುಂದ ಬುರುಜು ಎಲ್ಲಿ ಬರಬೇಕು, ಬಾಗಲಾ ಯಾವ ಕಡೆ ಇರಬೇಕು, ಮ್ಯಾಲ ಹತ್ತೂ ದಾರಿ ಯಾಕ ಸೊಟ್ಟ ಇರಬೇಕು ಅಂತ ವಿಚಾರ ಮಾಡೇ ಮಾಡ್ಯಾನ. ಅದ ಈ ಹವ್ಯಾಸದ ಅರ್ಧ ಭಾಗ. ಅವಗ ಒಂದ್ ಜೋಡಿ ದಾಳ, ಒಂದ್ ಟೇಪು, ಒಂದ್ ನೋಟ್‌ಬುಕ್ಕು ಕೊಡ್ರಿ, ಗೊಂಬಿ ಎಷ್ಟು ದೂರ ನಡೀಬೇಕು, ಯಾರು ಯಾರಿಗೆ ಹೊಡದ್ರ ಏನಾಗಬೇಕು ಅಂತ ಅವನ ಬರೀಲಿ. ಕಿಲ್ಲೆ ಮಾತ್ರ ಮಳಿಗಾಲದ ತನಕ ಇರಲಿ ಬಿಡ್ರಿ.

ನೆಟ್ಟಿನಾಗ ನೋಡಿದ್ರ ಹೊರದೇಶದ ಗೊಂಬಿ ರೇಟು ಕೇಳಿ ಎದಿ ಒಡೀತೈತಿ. ನನ್ನಂಥಾ ಕಿರಾಣಿ ಅಂಗಡಿ ಹುಡುಗ ಹೆಂಗ ಶುರು ಮಾಡಬೇಕ್ರಿ?
– ಓದುಗ, ಹುನಗುಂದ

ತಮ್ಮಾ, ಒಂದು ಮಾತು ಮೊದ್ಲ ಹೇಳ್ತೀನಿ, ಗೊಂಬಿ ಇಲ್ದನೂ ಆಟ ಶುರು ಆಗ್ತೈತಿ. ರಟ್ಟು ಕತ್ತರಿಸು, ಒಂದೊಂದು ತುಂಡು 4 ಸೆಂ.ಮೀ. ಅಗಲ 2 ಸೆಂ.ಮೀ. ಉದ್ದ, ಮ್ಯಾಲ ಪೆನ್ನಿಲೆ ಕುದುರಿ, ಕಾಲಾಳು, ತೋಪು ಅಂತ ಬರಿ. ಒಂದ್ ಹತ್ತು ಆಟ ಹಂಗ ಆಡು. ಆಟ ಮನಸಿಗೆ ಹತ್ತಿದ ಮ್ಯಾಲ ಅದೇ ರಟ್ಟಿನ ಮ್ಯಾಲ ಗೊಂಬಿ ಅಂಟಿಸು, ಒಂದೂ ನಿಯಮ ಬದಲಿ ಮಾಡೂದು ಬರಂಗಿಲ್ಲ.

ಗೊಂಬಿಗೆ ಬಂದ್ರ, ಮಣ್ಣೆತ್ತಿನ ಅಮಾವಾಸ್ಯೆಗೆ ನಿಮ್ಮ ಮನಿಯಾಗ ಎತ್ತು ಮಾಡ್ತೀರಿಲ್ಲೋ, ಅದೇ ಎರಿ ಮಣ್ಣು, ಅದೇ ಕೈ. ನಾ ಮೊದಲನೇ ಆನಿ ಮಾಡಿದ್ದು ಹಂಗ. ನಮ್ಮವ್ವ ಎತ್ತಿನ ಇಣಿ ಎಬ್ಬಿಸೂ ಹಂಗ ಹೆಬ್ಬಟ್ಟಿನಿಂದ ಆನಿ ನೆತ್ತಿ ಎಬ್ಬಿಸಿ ಕೊಟ್ಳು, ಸೊಂಡಿ ಒಳಗ ಸಣ್ಣ ತಂತಿ ಇಟ್ಟಿದ್ವಿ ಇಲ್ಲಾಂದ್ರ ಒಣಗೂ ಮುಂದ ಬಿರುಕು ಬಿಟ್ಟು ಬೀಳ್ತಿತ್ತು. ಆ ಆನಿ ಇವತ್ತೂ ನನ್ನ ಸೈನ್ಯದಾಗ ಐತಿ. ಮನಿಷ್ಯಾರ ಗೊಂಬಿ ಬೇಕಂದ್ರ 1:72 ಅಳತಿಯ ಪ್ಲಾಸ್ಟಿಕ್ ಗೊಂಬಿ ತಗೋ, ಒಬ್ಬ ಸೈನಿಕ ಸುಮಾರು 24 ಮಿ.ಮೀ. ಎತ್ತರ ಬರ್ತಾನ, ಒಂದ ಡಬ್ಬಿಯೊಳಗ ಭಾಳ ಮಂದಿ ಸಿಗತಾರ, 28 ಮಿ.ಮೀ. ಗೊಂಬಿಕಿಂತ ಅಗ್ಗ.

ಈ ಮೆತ್ತನ ಪ್ಲಾಸ್ಟಿಕ್ ಗೊಂಬಿಗೆ ಬಣ್ಣ ಬಡಿಯೂ ಮೊದ್ಲ ಸಾಬೂನು ನೀರಾಗ ತೊಳಿ, ಅಚ್ಚಿನಿಂದ ಬಿಡಸಾಕ ಹಚ್ಚಿದ ಎಣ್ಣಿ ಮ್ಯಾಲ ಉಳದಿರತೈತಿ, ತೊಳೀಲಿಲ್ಲಂದ್ರ ಬಣ್ಣ ಸಿಪ್ಪಿ ಎದ್ದಂಗ ಏಳ್ತೈತಿ. ಆಮ್ಯಾಲ ಪ್ರೈಮರ್ (ಬಣ್ಣ ಹಿಡೀಲಿ ಅಂತ ಮೊದ್ಲ ಬಡಿಯೂ ಪದರು), ಆಮ್ಯಾಲ ಆಕ್ರಿಲಿಕ್ ಬಣ್ಣ, ದಪ್ಪ ಒಂದ ಸಲ ಬಡೀಬ್ಯಾಡ, ತೆಳ್ಳಗ ಎರಡು ಸಲ ಬಡಿ. ಕಡೀಕ ಕಂದು ಬಣ್ಣ ನೀರು ನೀರು ಮಾಡಿ ಮೈತುಂಬ ಹರಸು, ಅದು ಅಂಗಿ ಮಡಿಕಿಯೊಳಗ, ಗಡ್ಡದ ಸಂದ್ಯಾಗ ಇಳದು ಕುಂದ್ರತೈತಿ, ಒಣಗಿದ ಮ್ಯಾಲ ನೋಡಿದ್ರ ಗೊಂಬಿಗೆ ಜೀವ ಬಂದಿರತೈತಿ. ಬುಡಕ್ಕ ಫೆವಿಕಾಲ್ ಹಚ್ಚಿ ಹೊಳಿ ಉಸುಕು ಉದುರಸು.

ಗುಡ್ಡಕ್ಕ ಥರ್ಮೋಕೋಲ್ ನಡೀತೈತಿ ಆದ್ರ ಅದಕ್ಕ ಸ್ಪ್ರೇ ಪೇಂಟ್ ಹೊಡೀಬ್ಯಾಡ. ನಾ ಹೊಡದಿದ್ದೆ, ಎರಡು ದಿನ ಕುಂತು ಕೊರದ ಗುಡ್ಡ ಕಣ್ಣ ಮುಂದ ಕರಗಿ ತೂತು ತೂತು ಆಗಿ ಹೋತು, ಸ್ಪ್ರೇದಾಗಿನ ದ್ರಾವಕ ಥರ್ಮೋಕೋಲ್ ತಿಂತೈತಿ. ಬ್ರಷ್ಷಿಲೆ ನೀರಿನ ಬಣ್ಣ ಹಚ್ಚು. ಇನ್ನ ಹಳೀ ಲೋಹದ ಗೊಂಬಿ ಯಾರರ ಕೊಟ್ರ ಅದರಾಗ ಸೀಸ ಇರಬಹುದು, ಕಾನಸು ಹಚ್ಚಿ ಪುಡಿ ಎಬ್ಬಿಸಬ್ಯಾಡ, ಮುಟ್ಟಿದ ಮ್ಯಾಲ ಕೈ ತೊಳಕೋ, ಸಣ್ಣ ಹುಡುಗ್ರ ಕೈಗೆ ಕೊಡಲೇಬ್ಯಾಡ.

ನಮ್ಮ ತಾಲ್ಲೂಕಿನ ಹತ್ತರಾನ ನಡದ 1565ರ ರಕ್ಕಸಗಿ-ತಂಗಡಗಿ (ತಾಳಿಕೋಟಿ) ಯುದ್ಧನ್ನ, ವಿಜಯನಗರಕ್ಕೂ ದಖ್ಖನ್ ಸುಲ್ತಾನರಿಗೂ ಆದದ್ದನ್ನ, ಮಕ್ಕಳಿಗೆ ಆಟ ಮಾಡಿ ಆಡಸಬೇಕಂತ ಆಸೆ. ನಿಯಮ ಹೆಂಗ ಬರೀಬೇಕು? ಆದಿಲ್‌ಶಾಹಿ ಕಡೆ ಮಲಿಕ್-ಎ-ಮೈದಾನ್ ತೋಪೂ ಇಡಬೇಕಂತೀನಿ.
– ಹೈಸ್ಕೂಲ್ ಮಾಸ್ತರು, ಮುದ್ದೇಬಿಹಾಳ

ಸರ, ನಿಮ್ಮ ಪತ್ರ ಎರಡು ಸಲ ಓದಿದೆ, ಯಾಕಂದ್ರ ನಾನೂ ಇದೇ ಯುದ್ಧದ ಮ್ಯಾಲ ಎರಡು ವರ್ಷ ಕೆಲಸ ಮಾಡೇನಿ.

ಮೊದ್ಲ ತೋಪಿನ ಮಾತು. ಮಲಿಕ್-ಎ-ಮೈದಾನ್ 1549ರಾಗ ಅಹ್ಮದ್‌ನಗರದಾಗ ಎರಕ ಹೊಯ್ದದ್ದು, ಅಂದ್ರ ನಿಜಾಮ್‌ಶಾಹಿದು. ವಿಜಯಪುರಕ್ಕ ಅದು ಬಂದದ್ದು ಹದಿನೇಳನೇ ಶತಮಾನದಾಗ, ಪರಾಂಡಾ ಕಿಲ್ಲೆಯಿಂದ. 1565ರಾಗ ಅದು ಆದಿಲ್‌ಶಾಹಿ ಕಡೆ ಇರಾಕ ಸಾಧ್ಯ ಇಲ್ಲ. ಮತ್ತ ಸುಮಾರು 55 ಟನ್ ತೂಕದ ತೋಪು ಆಟದಾಗ ಒಂದ್ ಸೆಂ.ಮೀ. ಸೈತ ಸರಕೊಂಡು ಹೋಗಾಂಗಿಲ್ಲರಿ. ಮಕ್ಕಳನ್ನ ವಿಜಯಪುರದ ಬುರುಜಿಗೆ ಕರಕೊಂಡು ಹೋಗಿ ಆ ತೋಪಿನ ಸಿಂಹದ ಬಾಯಿ ತೋರಸ್ರಿ, ಆಟದಾಗ ಬ್ಯಾಡ.

ಈಗ ಅಳತಿ. ಕೇರಂ ಬೋರ್ಡ್ ಆಡೂ ಜಾಗಾ 74 ಸೆಂ.ಮೀ. ಇರತೈತಿ. 1 ಸೆಂ.ಮೀ. ಅಂದ್ರ 100 ಮೀಟರ್ ಅಂತ ಹಿಡದ್ರ ನಿಮ್ಮ ಕೈಗೆ ಏಳು ಕಿ.ಮೀ. ಮೈದಾನ ಬಂತು. ಒಂದ್ ಸರದಿಗೆ 15 ನಿಮಿಷ ಅಂತ ಇಡ್ರಿ, ಸಾಲು ಕೆಡದಂಗ ನಡಿಯೂ ಕಾಲಾಳಿಗೆ 6 ಸೆಂ.ಮೀ., ಕುದುರಿಗೆ 12. ಈ ಅಳತಿ ಹಿಡದ ಕೂಡ್ಲೇ ಒಂದು ಗೊತ್ತಾಗ್ತೈತಿ ನೋಡ್ರಿ, ಬಿಲ್ಲು ಬಂದೂಕಿನ ಹೊಡತ ಒಂದೆರಡು ಸೆಂ.ಮೀ. ಒಳಗ ಮುಗದು ಹೋಗ್ತೈತಿ, ಅಂದ್ರ ಅದಕ್ಕ ಬ್ಯಾರೆ ನಿಯಮನ ಬ್ಯಾಡ, ಕೈಗೆ ಕೈ ಹತ್ತಿದ ಲಡಾಯಿಯೊಳಗ ಕೂಡಿಸಿಬಿಡ್ರಿ. ದೂರ ಹೊಡಿಯೂದು ಬರೇ ತೋಪು. ಅಳತಿ ಒಂದ ಸರಿ ಆರಿಸಿದ್ರ ಅರ್ಧ ನಿಯಮ ತಾವ ಬಿದ್ದು ಹೋಗ್ತಾವ.

ಉಳದ ಅರ್ಧಕ್ಕ ಒಂದ ಪ್ರಶ್ನೆ ಕೇಳಕೋರಿ, ಆ ದಿನ ಯುದ್ಧ ಯಾಕ ಮುಗೀತು? 1565ರ ಜನವರಿಯಾಗ ಕೃಷ್ಣಾ ಹೊಳಿ ಕಡೆ ಅಷ್ಟು ದೊಡ್ಡ ಸೈನ್ಯ ನಿಂತಿತ್ತು, ಸಾಲಿನ ನಟ್ಟನಡುವ ವಿಜಯನಗರದ ವಯಸ್ಸಾದ ರಾಮರಾಯ, ಅವನ ಎದುರಿಗೆ ಅಹ್ಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್‌ಶಾಹ. ನಿಜಾಮ್‌ಶಾಹಿ ಕಡೆಯವ್ರು ತೋಪಿನ ಬಾಯಾಗ ತಾಮ್ರದ ನಾಣ್ಯ ತುಂಬಿ ಹತ್ತರದಿಂದ ಹೊಡದ್ರು ಅಂತ ಇತಿಹಾಸಕಾರ ಫೆರಿಷ್ತಾ ಬರದಾನ. ಆದ್ರ ವಿಜಯನಗರದ ಸೈನ್ಯ ಒಡದದ್ದು ಎಲ್ಲಾರೂ ಸತ್ತು ಅಲ್ಲ, ರಾಮರಾಯ ಸಿಕ್ಕ, ಅವನ ತಲಿ ಕಡದು ಭರ್ಚಿ ಮ್ಯಾಲ ತೋರಿಸಿದ್ರು, ಅದನ್ನ ನೋಡಿ ಒಡೀತು. ಹಂಗಾರ ನಿಮ್ಮ ಆಟದ ನಡುಗಂಬ ಸಾವಿನ ಲೆಕ್ಕ ಅಲ್ಲ, ಧೈರ್ಯದ ಲೆಕ್ಕ.

ನಾ ಮಾಡಿದ್ದು ಹಿಂಗ. ನಾಕ್ ನಾಕ್ ರಟ್ಟಿನ ಒಂದೊಂದು ಪಡೆ. ಪಡೆಯಾಗಿಂದು ಒಂದ್ ರಟ್ಟು ಹೋದಾಗೊಮ್ಮೆ ಒಂದ್ ದಾಳ ಹಾಕೂದು, 4 ಅಥವಾ ಅದಕ್ಕಿಂತ ಕಡಿಮಿ ಬಿದ್ರ ಪಡೆ ನಿಂತಿತು, 5, 6 ಬಿದ್ರ ಒಡದು ಹಿಂದ ಓಡ್ತು. ರಾಮರಾಯನ ಆನಿ 10 ಸೆಂ.ಮೀ. ಒಳಗ ಇದ್ರ 5 ಬಿದ್ರೂ ನಿಲ್ತೈತಿ. ಆದ್ರ ರಾಮರಾಯ ಸಿಕ್ಕನಂದ್ರ ಅವನ ಎಲ್ಲಾ ಪಡೆನೂ ಆವಾಗಿಂದಾವಾಗ ದಾಳ ಹಾಕಬೇಕು, 1 ಬಿದ್ರಷ್ಟ ನಿಲ್ತಾವ. ಆರರಾಗ ಐದು ಸಲ ಒಡದಂಗನ.

ಈ ಒಂದು ನಿಯಮಕ್ಕ ಮಂದಿ ಹೆಂಗ ಒದ್ದಾಡ್ತಾರ ಅಂತ ನಾ ಕಣ್ಣಾರೆ ನೋಡೇನಿ. ಒಂದ್ ಐತಾರ ನಮ್ಮ ಮನಿ ಕಟ್ಟಿ ಮ್ಯಾಲ ಆಡಾಕತ್ತಿದ್ವಿ, ನನ್ನ ಗೆಳ್ಯಾ ರಾಮರಾಯನ ಕಡೆ ಆಡಾಂವ, ಅವನ ಎಡಕಿನ ಪಡೆ ಅಳ್ಳಾಡಾಕತ್ತಿತ್ತು. ಅಂವ ಮಣ್ಣಿನ ಆನಿ ಎತ್ತಿ ಮುಂದ ಇಟ್ಟ, ಟೇಪು ಹಿಡದು ನೋಡಿದ, ಶತ್ರುವಿನ ಕುದುರಿ 11 ಸೆಂ.ಮೀ. ದೂರ ಇತ್ತು, ಅಂದ್ರ ಒಂದ ನೆಗತಕ್ಕ ಸಿಗತಾನ. ಆನಿ ತಿರುಗಿ ಎತ್ತಿದ. ಮತ್ತ ಇಟ್ಟ. ಚಾ ಆರಿ ತಣ್ಣಗಾಗಿ ಮ್ಯಾಲ ಕೆನಿ ಕಟ್ಟಿತು, ಇನ್ನೂ ಬೆರಳು ಆನಿ ಬೆನ್ನ ಮ್ಯಾಲನ ಇತ್ತು. ಆ ಕ್ಷಣ ಸಿಗಲಿ ಅಂತನ ನಿಯಮ ಬರಿಯೂದು ಸರ, ಎರಡೂ ದಾರಿಯಾಗ ನಷ್ಟ ಐತಿ, ಒಂದನ್ನ ಆರಿಸಬೇಕು.

ನನ್ನ ಮೊದಲನೇ ಕರಡಿನಾಗ ಹನ್ನೊಂದು ಕೋಷ್ಟಕ ಇದ್ವು, ಮಳಿ, ಮದ್ದು ತೊಯ್ಯೂದು, ಆನಿ ಬೆದರೂದು ಎಲ್ಲಾ. ಮುಂಜಾನೆಯಿಂದ ಸಂಜಿ ತನಕ ಆಡಿದ್ರ ಮೂರ ಸರದಿ ಆದ್ವು. ಆಮ್ಯಾಲ ಒಂದೊಂದ ತಗದು ಆಡಿ ನೋಡಿದೆ, ಯಾವುದನ್ನ ತಗದ್ರ ಯಾರೂ ಕೇಳಲಿಲ್ಲೋ ಅದು ಹೋತು. ಈಗ ಒಂದ ಹಾಳಿಯಾಗ ಅದಾವ, ಎರಡು ತಾಸಿನಾಗ ಆಟ ಮುಗೀತೈತಿ. ನೀವು ಮಕ್ಕಳಿಗೆ ಆಡಸೂ ಮುಂದ ಬಾಯಿ ಬಿಡಬ್ಯಾಡ್ರಿ, ನಿಯಮದ ಹಾಳಿ ಅವರ ಕೈಯಾಗ ಕೊಟ್ಟು ಸುಮ್ಮನ ನೋಡ್ರಿ, ಎಲ್ಲಿ ತಡವರಿಸ್ತಾರೋ ಅಲ್ಲಿ ನಿಮ್ಮ ಬರಹ ತಪ್ಪೈತಿ ಅಂತ ಗುರುತು ಹಾಕ್ಕೋರಿ.

ದಾಳ ಅಂದ ಮ್ಯಾಲ ಅದು ನಸೀಬಿನ ಆಟ ಆತಲ್ರಿ, ಬುದ್ಧಿಬಲದಾಟದಂಗ ಅಲ್ಲ.
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ತಂಗಿ, ನೀ ಗಣಿತ ಓದಾಕಿ, ನಿನಗ ಇದು ಲಗೂನ ತಿಳಿತೈತಿ. ಒಂದ ದಾಳ ಹಾಕಿದ್ರ 1 ಬರೂದೂ 6 ಬರೂದೂ ಸಮ. ಎರಡು ದಾಳ ಕೂಡಿಸಿದ್ರ 36ರಾಗ ಆರು ಸಲ 7 ಬರತೈತಿ, 12 ಬರೂದು ಒಂದ ಸಲ. ಅಂದ್ರ ನಿಯಮ ಬರಿಯಾಂವ ಎಷ್ಟು ನಸೀಬು ಬೇಕು ಅಂತ ಅಳದು ಹಾಕಬಹುದು, ಅಡಗಿಗೆ ಉಪ್ಪು ಹಾಕಿದಂಗ. ನಮ್ಮಲ್ಲಿ ಪಗಡಿ, ಚೌಕಾಬಾರ ಆಡೂ ಅಜ್ಜಿಯಂದಿರು ಕವಡಿ ಹೆಂಗ ಬಿದ್ರೂ ಗೆಲ್ತಿದ್ರಿಲ್ಲೋ, ಯಾವ ಕಾಯಿ ನಡಸಬೇಕು ಅನ್ನೂದು ಅವರ ಕೈಯಾಗ ಇತ್ತು. ಇದೂ ಹಂಗ, ದಾಳ ಕಮ್ಮಿ ಸಲ ಬೀಳೂ ಹಂಗ ಮೊದ್ಲ ಜಾಗಾ ಹಿಡಿಯಾಕಿ ಗೆಲ್ತಾಳ. ಮತ್ತ ನಿನ್ನ ಪತ್ರದ ಕೆಳಗ ಹುಡುಗ್ಯಾರು ಆಡತಾರೇನ್ರಿ ಅಂತ ಸಣ್ಣ ಅಕ್ಷರದಾಗ ಕೇಳಿ, ದೊಡ್ಡ ಅಕ್ಷರದಾಗ ಕೇಳು ಅವ್ವಾ. ಆಡತಾರ, ನಮ್ಮ ಐತಾರದ ಗುಂಪಿನಾಗ ಚಲೋ ಬಣ್ಣ ಬಡಿಯಾಕಿನೂ ಒಬ್ಬ ಹುಡುಗಿನ.

1824ರ ಕಿತ್ತೂರು ಯುದ್ಧ ಆಟ ಮಾಡೇವ್ರಿ, ಆದ್ರ ಕಂಪನಿ ಸರ್ಕಾರದ ಕಡೆ ಆಡಾಕ ಯಾರೂ ಒಪ್ಪವಲ್ರು. ಚನ್ನಮ್ಮನ ವಿರುದ್ಧ ದಾಳ ಹೆಂಗ ಹಾಕೂದು ಅಂತಾರ.
– ಗೆಳೆಯರ ಗುಂಪು, ಬೈಲಹೊಂಗಲ

ರಾಣಿ ಸಮಾಧಿ ಇರೂ ಊರಾಗ ಕುಂತು ನೀವು ಕೇಳೀರಿ, ಅವರ ಸಂಕಟ ನನಗ ತಿಳಿತೈತಿ. ಒತ್ತಾಯ ಮಾಡಬ್ಯಾಡ್ರಿ. ಕಂಪನಿ ಕಡೆ ಯಾರೂ ಆಡೂದ ಬ್ಯಾಡ, ಆ ಸೈನ್ಯನ್ನ ನಿಯಮನ ನಡಸೂ ಹಂಗ ಮಾಡ್ರಿ, ಪ್ರತಿ ಸರದಿಗೆ ಒಂದ್ ಚೀಟಿ ಎತ್ತೂದು, ಚೀಟಿಯಾಗ ಏನೈತೋ ಅದನ್ನ ಕಂಪನಿ ಮಾಡ್ತೈತಿ, ನೀವೆಲ್ಲಾರೂ ಕೂಡಿ ಕಿತ್ತೂರು ಕಡೆ ನಿಂದರ್ರಿ.

ಆಟ ಎರಡು ಭಾಗ ಆಗಲಿ. ಅಕ್ಟೋಬರ್ 23ಕ್ಕ ಕಂಪನಿ ಅಧಿಕಾರಿ ಥ್ಯಾಕರೆ ಬಿದ್ದ ದಿನ ಒಂದು, ಡಿಸೆಂಬರದಾಗ ದೊಡ್ಡ ಸೈನ್ಯ ತಿರುಗಿ ಬಂದದ್ದು ಇನ್ನೊಂದು. ಮೊದಲನೇದರಾಗ ಸೆರಿ ಸಿಕ್ಕ ಕಂಪನಿ ಅಧಿಕಾರಿಗಳು ಸ್ಟೀವನ್‌ಸನ್, ಎಲಿಯಟ್ ಇಬ್ಬರನ್ನ ಎರಡು ಬಿಲ್ಲೆ ಮಾಡಿ ರಾಣಿ ಕಡೆ ಕೊಡ್ರಿ. ಅವರನ್ನ ಯಾವಾಗ ಬಿಡಬೇಕು, ಬಿಟ್ರ ಎಷ್ಟು ದಿನದ ಗಡುವು ಸಿಗ್ತೈತಿ ಅನ್ನೂ ಮಾತು ಗುಂಡಿನಕಿಂತ ದೊಡ್ಡದು ಆಗಬೇಕು ಆಟದಾಗ. ಎರಡನೇ ಭಾಗದಾಗ ಕಿಲ್ಲೆ ಉಳಸೂದ ಗೆಲುವು ಅಂತ ಇಡಬ್ಯಾಡ್ರಿ, ಎಷ್ಟು ಸರದಿ ತಡದ್ರಿ ಅನ್ನೂದನ್ನ ಎಣಸ್ರಿ. ಚೀಟಿ ಇಪ್ಪತ್ತು ಸಾಕು. ಬರದು ಕಳಸ್ರಿ, ನಮ್ಮ ಕಟ್ಟಿ ಮ್ಯಾಲ ಒಂದ್ ಐತಾರ ಆಡಿ ಎಲ್ಲಿ ಸಡ್ಲೈತಿ ಅಂತ ತಿರುಗಿ ಬರೀತೀನಿ.